‘ಐದು ಪಟ್ಟು’ ಎಂದರೆ ಎಷ್ಟು? – ಗರ್ಭನಿರೋಧಕ ಚುಚ್ಚುಮದ್ದಿನ ಸಂಶೋಧನೆಗಳ ಒಂದು ವಿಮರ್ಶೆ

ಮದ್ದೂರಿನಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಅಳತೆಯ ದೋಷಗಳ ಬಗ್ಗೆ ಪಾಠ ಮಾಡಲು ಹೋಗಿದ್ದೆ. ಪಾಠ ಮುಗಿದ ಮೇಲೆ ಶಿಕ್ಷಕಿಯೊಬ್ಬರು ಮೊಬೈಲ್‌ಗೆ ಬಂದಿದ್ದ ಒಂದು ಸಂದೇಶವನ್ನು ತೋರಿಸಿದರು. “ಸಾರ್, ನಮ್ಮ ನಾದಿನಿ ಮಳವಳ್ಳಿಯಲ್ಲಿ ಮೂರು ತಿಂಗಳಿಗೊಂದು ಸೂಜಿ ಹಾಕಿಸ್ಕೋತಾಳೆ. ಅದರಿಂದ ಮಿದುಳಿನಲ್ಲಿ ಗೆಡ್ಡೆ ಐದು ಪಟ್ಟು ಜಾಸ್ತಿಯಂತೆ. ಬಿಡಿಸ್ಬೇಕಾ?” ಎಂದು ಕೇಳಿದರು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಅವರ ಪ್ರಶ್ನೆಯೊಳಗೆ ಒಂದು ಸಂಖ್ಯೆಯಿತ್ತು. ಸಂಖ್ಯೆಯೊಂದು ಎಲ್ಲಿಂದ ಬಂತು, ಅದರ ದೋಷವೆಷ್ಟು, ಅದು ಯಾರಿಗೆ ಅನ್ವಯಿಸುತ್ತದೆ ಎಂದು ಕೇಳುವುದು ನಮ್ಮ ಶಾಸ್ತ್ರದ ಕೆಲಸವೇ. ಹಾಗಾಗಿ ಆ ಸಂದೇಶದ ಹಿಂದಿದ್ದ ಮೂಲ ಪ್ರಬಂಧವನ್ನೂ ಅದಕ್ಕೆ ಸಂಬಂಧಿಸಿದ ಇನ್ನು ಕೆಲವನ್ನೂ ಓದಿದೆ. ಆ ಓದಿನ ಫಲವೇ ಈ ಲೇಖನ.

ಏನಿದು ಚುಚ್ಚುಮದ್ದು?

ಹೆಣ್ಣಿನ ಅಂಡಾಶಯದಲ್ಲಿ ಸ್ರವಿಸುವ ಪ್ರೊಜೆಸ್ಟಿರೋನ್ ಹಾರ್ಮೋನನ್ನು ಹೋಲುವ ಕೃತಕ ಸಂಯುಕ್ತಗಳಿಗೆ ಪ್ರೊಜೆಸ್ಟಿನ್‌ಗಳು ಎಂದು ಹೆಸರು. ಮೆಡ್ರಾಕ್ಸಿಪ್ರೊಜೆಸ್ಟಿರೋನ್ ಅಸಿಟೇಟ್ ಅವುಗಳಲ್ಲೊಂದು. ಇದರ 150 ಮಿಲಿಗ್ರಾಂ ಅನ್ನು ಸೂಕ್ಷ್ಮ ಹರಳುಗಳ ರೂಪದಲ್ಲಿ ಸ್ನಾಯುವಿಗೆ ಚುಚ್ಚಲಾಗುತ್ತದೆ. ಹರಳುಗಳು ನಿಧಾನವಾಗಿ ಕರಗಿ, ಮೂರು ತಿಂಗಳ ಕಾಲ ಔಷಧವನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಅದು ಪಿಟ್ಯುಟರಿ ಗ್ರಂಥಿಯಿಂದ ಬರುವ ಪ್ರಚೋದನೆಯನ್ನು ತಗ್ಗಿಸಿ ಅಂಡ ಬಿಡುಗಡೆಯನ್ನು ತಡೆಯುತ್ತದೆ ಮತ್ತು ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸುತ್ತದೆ. ಮುಟ್ಟಿನಲ್ಲಿ ಏರುಪೇರಾಗುವುದು ಅಥವಾ ಮುಟ್ಟು ನಿಲ್ಲುವುದು ಇದರ ಸಾಮಾನ್ಯ ಪರಿಣಾಮ. ಸೂಜಿ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಮೂಳೆಯ ಸಾಂದ್ರತೆ ತಗ್ಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ನಮ್ಮಲ್ಲಿ 2017ರಿಂದ ಕೇಂದ್ರ ಸರ್ಕಾರ ಇದನ್ನು ‘ಅಂತರ’ ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಒದಗಿಸುತ್ತಿದೆ.

ಮೂಲ ಪ್ರಬಂಧ

ಸಂದೇಶದಲ್ಲಿದ್ದ ‘ಐದು ಪಟ್ಟು’ ಬಂದದ್ದು 2024ರ ಮಾರ್ಚ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಫ್ರಾನ್ಸಿನ ಅಧ್ಯಯನದಿಂದ. ನೋಯೆಮಿ ರೋಲಾಂ ಮತ್ತು ಸಂಗಡಿಗರು 2009ರಿಂದ 2018ರವರೆಗೆ ಮೆನಿಂಜಿಯೋಮ ಗೆಡ್ಡೆಗೆ ಶಸ್ತ್ರಚಿಕಿತ್ಸೆಗೊಳಗಾದ 18,061 ಮಹಿಳೆಯರ ದಾಖಲೆಗಳನ್ನು ತೆಗೆದರು. ಪ್ರತಿಯೊಬ್ಬರಿಗೂ ಅದೇ ವರ್ಷ ಹುಟ್ಟಿದ, ಅದೇ ಪ್ರದೇಶದಲ್ಲಿ ವಾಸಿಸುವ, ಆ ಶಸ್ತ್ರಚಿಕಿತ್ಸೆ ಆಗಿಲ್ಲದ ಐವರನ್ನು ಹೋಲಿಕೆಗೆ ಆರಿಸಿದರು. ಹೀಗೆ ಹೋಲಿಕೆ ಗುಂಪಿನಲ್ಲಿ 90,305 ಮಂದಿ ಇದ್ದರು. ನಂತರ ಎರಡೂ ಗುಂಪುಗಳಲ್ಲಿ ಯಾರು ಯಾವ ಪ್ರೊಜೆಸ್ಟಿನ್ ಬಳಸಿದ್ದರು ಎಂದು ನೋಡಿದರು.

ಮೊದಲಿಗೆ ಒಂದು ತಿದ್ದುಪಡಿ. ಸಂದೇಶದಲ್ಲಿ ‘ಮಿದುಳಿನ ಕ್ಯಾನ್ಸರ್’ ಎಂದಿತ್ತು. ಮೆನಿಂಜಿಯೋಮ ಹುಟ್ಟುವುದು ಮಿದುಳಿನಲ್ಲಲ್ಲ, ಅದನ್ನು ಸುತ್ತಿರುವ ಹೊದಿಕೆಯಲ್ಲಿ. ಬಹುಪಾಲು ಗೆಡ್ಡೆಗಳು ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳು. ಆದರೂ ದೃಷ್ಟಿನರವನ್ನೋ ಮಿದುಳನ್ನೋ ಒತ್ತಿದಾಗ ತಲೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾದೀತು. ಆದ್ದರಿಂದ ‘ಕ್ಯಾನ್ಸರ್ ಅಲ್ಲ’ ಎಂದ ಮಾತ್ರಕ್ಕೆ ಹಗುರವಾಗಿ ಕಾಣುವಂತೆಯೂ ಇಲ್ಲ.

ಈ ಅಧ್ಯಯನದಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ಉಪಕರಣವನ್ನು ಬಳಸುವ ಮುನ್ನ ಗೊತ್ತಿರುವ ತೂಕವೊಂದನ್ನು ಇಟ್ಟು ಪರೀಕ್ಷಿಸುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ ಮಾಡಿದ್ದಾರೆ. ಮೆನಿಂಜಿಯೋಮಕ್ಕೆ ಕಾರಣವೆಂದು ಮೊದಲೇ ತಿಳಿದಿದ್ದ ಸೈಪ್ರೊಟಿರೋನ್ ಔಷಧಕ್ಕೆ ಇದೇ ವಿಧಾನ ಸುಮಾರು 19 ಪಟ್ಟು ಹೆಚ್ಚಳ ತೋರಿಸಿತು. ಲೆವೊನೊರ್ಜೆಸ್ಟ್ರೆಲ್ ಬಿಡುವ ಗರ್ಭಾಶಯ ಸಾಧನಕ್ಕೆ ಯಾವ ಹೆಚ್ಚಳವನ್ನೂ ತೋರಿಸಲಿಲ್ಲ. ಅಂದರೆ ತಕ್ಕಡಿ ಸುಮ್ಮನೆ ಒಂದೇ ಕಡೆಗೆ ವಾಲುತ್ತಿಲ್ಲ. ಪ್ರೊಜೆಸ್ಟಿನ್‌ಗಳೆಲ್ಲ ಒಂದೇ ಎಂದು ಹೇಳುವಂತಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಒಂಬತ್ತು ಮತ್ತು ಹನ್ನೊಂದು

ನಮ್ಮ ಚುಚ್ಚುಮದ್ದಿಗೆ ಬಂದ ಉತ್ತರ 5.55 ಪಟ್ಟು. ಇದು ಯಾವ ಎಣಿಕೆಯಿಂದ ಬಂತು? ಗೆಡ್ಡೆಯಿದ್ದ 18,061 ಮಂದಿಯಲ್ಲಿ ಈ ಸೂಜಿ ಬಳಸಿದ್ದವರು 9. ಹೋಲಿಕೆಯ 90,305 ಮಂದಿಯಲ್ಲಿ 11. ಫ್ರಾನ್ಸಿನಲ್ಲಿ ಈ ಸೂಜಿಯ ಬಳಕೆ ತೀರ ಕಡಿಮೆ. ಲಕ್ಷಕ್ಕಿಂತ ಹೆಚ್ಚು ಮಹಿಳೆಯರ ಅಧ್ಯಯನ ಎಂದು ಕೇಳಿದಾಗ ಭಾರವೆನಿಸುತ್ತದೆ. ಆದರೆ ಈ ಒಂದು ಪ್ರಶ್ನೆಯ ಉತ್ತರ ನಿಂತಿರುವುದು ಇಪ್ಪತ್ತು ಮಹಿಳೆಯರ ಮೇಲೆ.

ಪದವಿ ತರಗತಿಯ ಪ್ರಯೋಗಾಲಯದಲ್ಲಿ ಗೈಗರ್ ಎಣಿಕೆ ಯಂತ್ರ ಬಳಸಿದವರಿಗೆ ಒಂದು ನಿಯಮ ಗೊತ್ತು: ಯಾದೃಚ್ಛಿಕವಾಗಿ ನಡೆಯುವ ಘಟನೆಗಳ ಎಣಿಕೆ N ಆದರೆ, ಅದರ ಅನಿಶ್ಚಿತತೆ ಸುಮಾರು N ನ ವರ್ಗಮೂಲ. ಒಂಬತ್ತರ ಅನಿಶ್ಚಿತತೆ 3, ಅಂದರೆ ಶೇ. 33. ಹನ್ನೊಂದರದು ಸುಮಾರು 3.3, ಅಂದರೆ ಶೇ. 30. ಇವೆರಡನ್ನೂ ವರ್ಗಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಅನುಪಾತದ ಅನಿಶ್ಚಿತತೆ ಶೇ. 45. ದೋಷ ಇಷ್ಟು ದೊಡ್ಡದಾದಾಗ ಕೂಡಿ ಕಳೆಯುವುದಕ್ಕಿಂತ ಗುಣಿಸಿ ಭಾಗಿಸುವುದು ಸರಿ. ಶೇ. 95ರ ಮಟ್ಟಕ್ಕೆ ಆ ಗುಣಕವು e ಯ ಘಾತ 1.96 × 0.45, ಎಂದರೆ ಸುಮಾರು 2.4. 5.55 ಅನ್ನು 2.4ರಿಂದ ಭಾಗಿಸಿದರೆ 2.3, ಗುಣಿಸಿದರೆ 13.3.

ಪ್ರಬಂಧದಲ್ಲಿ ಅಚ್ಚಾಗಿರುವ ವಿಶ್ವಾಸ ವ್ಯಾಪ್ತಿ 2.27ರಿಂದ 13.56. ಕರಿಹಲಗೆಯ ಮೇಲೆ ಐದು ನಿಮಿಷದಲ್ಲಿ ಮಾಡಿದ ಲೆಕ್ಕ ಅದರ ಹತ್ತಿರಕ್ಕೇ ಬಂತು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು. ಸರಳ ಭಾಗಾಕಾರ ಮಾಡಿದರೆ ಅನುಪಾತ ನಾಲ್ಕರ ಆಸುಪಾಸು ಬರುತ್ತದೆ. ಬೇರೆ ಅಂಶಗಳಿಗೆ ಹೊಂದಾಣಿಕೆ ಮಾಡಿದ ಮೇಲೆ ಲೇಖಕರಿಗೆ ದೊರೆತದ್ದು 5.55.

ಹಾಗಾದರೆ ಪ್ರಬಂಧ ಹೇಳುವುದಿಷ್ಟು: ಒಂದು ವರ್ಷ ಅಥವಾ ಹೆಚ್ಚು ಕಾಲ ಬಳಸಿದವರಲ್ಲಿ ಅಪಾಯ ಹೆಚ್ಚಿದೆ, ಅದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇರಬಹುದು, ಹದಿಮೂರು ಪಟ್ಟೂ ಇರಬಹುದು. ‘ಐದು ಪಟ್ಟು’ ಎಂಬುದು ಈ ವ್ಯಾಪ್ತಿಯ ನಡುವಿನ ಒಂದು ಗುರುತು ಮಾತ್ರ. ಒಂಬತ್ತು, ಹನ್ನೊಂದು ಎಂಬ ಅಂಕಿಗಳನ್ನು ಸಂಶೋಧಕರು ಮುಚ್ಚಿಟ್ಟಿಲ್ಲ, ಪ್ರಬಂಧದ ಸಾರಾಂಶದಲ್ಲಿಯೇ ಕೊಟ್ಟಿದ್ದಾರೆ. ಅವುಗಳನ್ನು ಕೈಬಿಟ್ಟು ಪಟ್ಟನ್ನು ಮಾತ್ರ ಉಳಿಸಿಕೊಂಡದ್ದು ಸುದ್ದಿಯ ಶೀರ್ಷಿಕೆಗಳು.

ಪಟ್ಟು ಮತ್ತು ಎಣಿಕೆ

ಮುಂದೆ ಅಮೆರಿಕದ ದೊಡ್ಡ ದತ್ತಾಂಶಗಳ ಮೇಲೆ ಇದೇ ಪ್ರಶ್ನೆ ಕೇಳಲಾಯಿತು. 2024ರ ಒಂದು ಅಧ್ಯಯನದಲ್ಲಿ ಸುಮಾರು 1.5 ಪಟ್ಟು, 2025ರಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಬಂದ ಇನ್ನೊಂದರಲ್ಲಿ 2.43 ಪಟ್ಟು ಹೆಚ್ಚಳ ಕಂಡಿತು. ಎಣಿಕೆ ಹೆಚ್ಚಿದಂತೆ ಪಟ್ಟು ಇಳಿಯಿತು, ಆದರೆ ಮಾಯವಾಗಲಿಲ್ಲ. ಮೂರೂ ಅಧ್ಯಯನಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಬಹುಪಾಲು ಮೆನಿಂಜಿಯೋಮ ಕೋಶಗಳಲ್ಲಿ ಪ್ರೊಜೆಸ್ಟಿರೋನ್ ಗ್ರಾಹಕಗಳಿರುವುದೂ ಇದಕ್ಕೆ ಪೂರಕ. ಆದ್ದರಿಂದ ‘ಇದೆಲ್ಲ ಸುಳ್ಳು’ ಎಂದು ತಳ್ಳಿಹಾಕುವುದು ‘ಐದು ಪಟ್ಟು’ ಎಂದು ಹೆದರಿಸುವಷ್ಟೇ ತಪ್ಪು.

2025ರ ಪ್ರಬಂಧದ ಇನ್ನೊಂದು ಅಂಕಿ ಹೆಚ್ಚು ಉಪಯುಕ್ತ. ಅದರ ಪ್ರಕಾರ 1,152 ಮಂದಿ ಈ ಸೂಜಿ ಬಳಸಿದರೆ, ಬಳಸದಿದ್ದಾಗ ಕಾಣಿಸುತ್ತಿದ್ದುದಕ್ಕಿಂತ ಒಬ್ಬರಲ್ಲಿ ಹೆಚ್ಚಾಗಿ ಮೆನಿಂಜಿಯೋಮ ಪತ್ತೆಯಾಗುತ್ತದೆ. ಹೆಚ್ಚಳ ಮುಖ್ಯವಾಗಿ ಕಂಡದ್ದು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲಿ ಅಥವಾ 31 ವಯಸ್ಸು ದಾಟಿದ ಮೇಲೆ ಶುರು ಮಾಡಿದವರಲ್ಲಿ. ‘ಐದು ಪಟ್ಟು’ ಮತ್ತು ‘ಸಾವಿರಕ್ಕೆ ಸುಮಾರು ಒಂದು’ – ಈ ಎರಡು ಮಾತುಗಳಲ್ಲಿ ಯಾವುದು ಹೆಣ್ಣುಮಗಳೊಬ್ಬಳಿಗೆ ನಿರ್ಧಾರ ಮಾಡಲು ನೆರವಾಗುತ್ತದೆ ಎಂದು ಓದುಗರೇ ಯೋಚಿಸಲಿ. ಬೇಡದ ಬಸಿರೂ ಅಪಾಯವಿಲ್ಲದ್ದಲ್ಲ. 2018–20ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾವನ್ನಪ್ಪುತ್ತಿದ್ದರು. ಒಂದು ಗೆಡ್ಡೆಯ ಪತ್ತೆಯ ಲೆಕ್ಕ, ಇನ್ನೊಂದು ಸಾವಿನ ಲೆಕ್ಕ. ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೆ ತಕ್ಕಡಿಯ ಒಂದೇ ತಟ್ಟೆಯನ್ನು ತೋರಿಸುವುದು ವಿಜ್ಞಾನವಲ್ಲ.

‘ವ್ಯತ್ಯಾಸವಿಲ್ಲ’ ಎಂಬುದನ್ನೂ ಓದಬೇಕು

ಭಯ ಹುಟ್ಟಿಸುವ ಅಂಕಿಯನ್ನು ಮಾತ್ರವಲ್ಲ, ಸಮಾಧಾನ ಹೇಳುವ ಅಂಕಿಯನ್ನೂ ಹೀಗೆಯೇ ಓದಬೇಕು. ಈ ಸೂಜಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬ ಹಳೆಯ ಅನುಮಾನವನ್ನು ಪರೀಕ್ಷಿಸಲು ಆಫ್ರಿಕದ ನಾಲ್ಕು ದೇಶಗಳಲ್ಲಿ ‘ಎಕೋ’ ಎಂಬ ಪ್ರಯೋಗ ನಡೆಯಿತು. 7,829 ಮಹಿಳೆಯರನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿ, ಒಂದಕ್ಕೆ ಈ ಸೂಜಿ, ಇನ್ನೊಂದಕ್ಕೆ ತಾಮ್ರದ ವಂಕಿ, ಮತ್ತೊಂದಕ್ಕೆ ತೋಳಿನ ಚರ್ಮದಡಿ ಇಡುವ ಲೆವೊನೊರ್ಜೆಸ್ಟ್ರೆಲ್ ಕಡ್ಡಿ ನೀಡಿದರು. 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ಸೋಂಕು ತಗುಲಿದವರು ಕ್ರಮವಾಗಿ 143, 138 ಮತ್ತು 116. ಗಣನೀಯ ವ್ಯತ್ಯಾಸವಿಲ್ಲ ಎಂಬುದು ಅವರ ತೀರ್ಮಾನ.

ನಮ್ಮ ನಿಯಮವನ್ನೇ ಅನ್ವಯಿಸೋಣ. 143ರಲ್ಲಿ 116 ಕಳೆದರೆ 27. ಅದರ ಅನಿಶ್ಚಿತತೆ 259ರ ವರ್ಗಮೂಲ, ಸುಮಾರು 16. ವ್ಯತ್ಯಾಸ ಅನಿಶ್ಚಿತತೆಯ ಎರಡು ಪಟ್ಟಿನಷ್ಟೂ ಇಲ್ಲವಾದ್ದರಿಂದ ಅದನ್ನು ನಿಜವಾದ ವ್ಯತ್ಯಾಸವೆಂದು ಸಾರುವಂತಿಲ್ಲ. ಆದರೆ ಈ ಪ್ರಯೋಗವನ್ನು ರೂಪಿಸಿದ್ದು ಶೇ. 50ರಷ್ಟು ಹೆಚ್ಚಳವನ್ನು ಪತ್ತೆಹಚ್ಚಲು. ಅದಕ್ಕಿಂತ ಚಿಕ್ಕ ವ್ಯತ್ಯಾಸ ಅದರ ಜರಡಿಯಿಂದ ಜಾರಿಹೋಗಬಹುದು. ಯಾವ ಗರ್ಭನಿರೋಧಕವನ್ನೂ ಬಳಸದ ನಾಲ್ಕನೆಯ ಗುಂಪೂ ಅಲ್ಲಿರಲಿಲ್ಲ. ಹಾಗಾಗಿ ‘ದೊಡ್ಡ ವ್ಯತ್ಯಾಸವಿಲ್ಲ’ ಎನ್ನಬಹುದೇ ಹೊರತು ‘ಅಪಾಯವೇ ಇಲ್ಲ’ ಎನ್ನಲಾಗದು.

ಆಯ್ಕೆ ಯಾರದು?

ನಮ್ಮ ಸೀಮೆಗೆ ಗರ್ಭನಿರೋಧದ ಚರ್ಚೆ ಹೊಸತಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳು ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಆದೇಶ ಹೊರಡಿಸಿತ್ತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿಗೇ ಮೊದಲನೆಯವೆಂದು ಅವು ಹೆಸರಾಗಿವೆ. 1952ರ ಹೊತ್ತಿಗೆ ಮದ್ದೂರಿನ ಆಚೆಯ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ‘ಸುರಕ್ಷಿತ ದಿನ’ಗಳ ವಿಧಾನದ ಅಧ್ಯಯನ ನಡೆಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟಿದ್ದರು.

ಇದೇ ಚರಿತ್ರೆಯಲ್ಲಿ ಕಹಿ ಪುಟವೂ ಇದೆ. 1985ರಲ್ಲಿ ಹೈದರಾಬಾದ್ ಬಳಿಯ ಪಟಂಚೆರುವಿನಲ್ಲಿ ನಾರ್‌ಎಥಿಸ್ಟಿರೋನ್ ಎನಾಂಥೇಟ್ ಎಂಬ ಇನ್ನೊಂದು ಪ್ರೊಜೆಸ್ಟಿನ್ ಸೂಜಿಯ ಪ್ರಯೋಗ ಶುರುವಾದಾಗ, ಇದು ಪ್ರಯೋಗವೆಂಬುದೇ ಹೆಂಗಸರಿಗೆ ತಿಳಿದಿಲ್ಲವೆಂದು ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 1986ರಲ್ಲಿ ವಿಷಯ ಸುಪ್ರೀಂ ಕೋರ್ಟ್ ತಲುಪಿತು. ಆ ಸಂಘಟನೆಗಳು ಕೇಳಿದ್ದು ಸರಳ ಪ್ರಶ್ನೆ: ನಮ್ಮ ಮೈಗೆ ಏನು ಚುಚ್ಚುತ್ತಿದ್ದೀರಿ ಎಂದು ನಮಗೆ ಹೇಳಿದ್ದೀರಾ?

ಆ ಪ್ರಶ್ನೆ ಹಳತಾಗಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ದೇಶದ ಸರಾಸರಿ 37.9. ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹೀಗಿರುವಾಗ ಸೂಜಿಯ ಬಗ್ಗೆ ಅರ್ಧ ಸತ್ಯ ಹರಡಿದರೆ, ಹೆಣ್ಣುಮಗಳು ಸುರಕ್ಷಿತ ದಾರಿಯೊಂದನ್ನು ಹುಡುಕಿಕೊಳ್ಳುವುದಕ್ಕಿಂತ ಇದ್ದ ಕೆಲವೇ ದಾರಿಗಳಲ್ಲಿ ಒಂದನ್ನು ಕಳೆದುಕೊಳ್ಳುವ ಸಂಭವವೇ ಹೆಚ್ಚು. ಅರ್ಧ ಸತ್ಯವನ್ನು ಮುಚ್ಚಿಟ್ಟು ಸೂಜಿ ಹಾಕಿದರೂ ಅನ್ಯಾಯವೇ.

ಫ್ರಾನ್ಸಿನ ಅಧ್ಯಯನ ಸಾಧ್ಯವಾದದ್ದು ಅಲ್ಲಿ ಪ್ರತಿಯೊಬ್ಬರ ಔಷಧದ ಚೀಟಿ ಮತ್ತು ಆಸ್ಪತ್ರೆಯ ದಾಖಲೆ ಒಂದೇ ಕಡೆ ಜೋಡಣೆಯಾಗುವುದರಿಂದ. ಮಳವಳ್ಳಿಯಲ್ಲಿ ಸೂಜಿ ಹಾಕಿಸಿಕೊಂಡವರಿಗೆ ಹತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾದರೆ, ಈ ಎರಡು ದಾಖಲೆಗಳನ್ನು ಸೇರಿಸಿ ನೋಡುವಂಥ ರಾಷ್ಟ್ರೀಯ ವ್ಯವಸ್ಥೆ ನಮ್ಮಲ್ಲಿಲ್ಲ. ಸೂಜಿ ಕೊಟ್ಟ ದಿನಾಂಕಗಳನ್ನು ಕಾರ್ಡಿನಲ್ಲಿ ಬರೆಯುತ್ತಾರೆ. ಆ ಕಾರ್ಡು ಮುಂದಿನ ಸೂಜಿಯ ದಿನಕ್ಕಷ್ಟೇ ಅಲ್ಲ, ಮುಂದಿನ ಸಂಶೋಧನೆಗೂ ಬೇಕಾದ ದತ್ತಾಂಶ. ನಮ್ಮ ಹೆಂಗಸರ ಅಪಾಯವನ್ನು ಒಂಬತ್ತು ಫ್ರೆಂಚ್ ಮಹಿಳೆಯರಿಂದ ಎಷ್ಟು ದಿನ ಊಹಿಸುತ್ತಿರುವುದು?

ಆ ಶಿಕ್ಷಕಿಗೆ ನಾನು ‘ಬಿಡಿಸಿ’ ಎಂದೂ ಹೇಳಲಿಲ್ಲ, ‘ಹೆದರಬೇಡಿ’ ಎಂದೂ ಹೇಳಲಿಲ್ಲ. ನಾದಿನಿಯವರು ಎಷ್ಟು ವರ್ಷದಿಂದ ಬಳಸುತ್ತಿದ್ದಾರೆ, ವಯಸ್ಸೆಷ್ಟು, ಬಿಡದ ತಲೆನೋವು ಅಥವಾ ದೃಷ್ಟಿಯಲ್ಲಿ ಬದಲಾವಣೆ ಇದೆಯೇ – ಇವನ್ನು ವೈದ್ಯರ ಮುಂದಿಟ್ಟು ಮಾತನಾಡಲು ತಿಳಿಸಿದೆ. ವಂಕಿ, ಹಾರ್ಮೋನಿಲ್ಲದ ‘ಛಾಯಾ’ ಮಾತ್ರೆ ಮುಂತಾದ ಬೇರೆ ದಾರಿಗಳ ಬಗ್ಗೆಯೂ ಕೇಳಿ ಎಂದೆ. ಜೊತೆಗೆ ಒಂಬತ್ತು ಮತ್ತು ಹನ್ನೊಂದರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. “ಇದನ್ನು ಹತ್ತನೇ ತರಗತಿ ಮಕ್ಕಳಿಗೆ ಹೇಳಿಕೊಡಬಹುದು ಸಾರ್” ಎಂದರು. ವರ್ಗಮೂಲ ತಿಳಿದ ಮಕ್ಕಳಿಗೆ ಖಂಡಿತ ಹೇಳಿಕೊಡಬಹುದು. ಮುಂದೆ ಅವರ ಮೊಬೈಲ್‌ಗೂ ಇಂಥ ‘ಪಟ್ಟು’ಗಳು ಬರುತ್ತಲೇ ಇರುತ್ತವೆ. ಯಾವುದರ ಎಷ್ಟು ಪಟ್ಟು, ಎಷ್ಟು ಜನರನ್ನು ಎಣಿಸಿ ಬಂದದ್ದು ಎಂದು ಕೇಳುವ ಅಭ್ಯಾಸ ಅವರಿಗೆ ಶಾಲೆಯಲ್ಲಿಯೇ ಆಗಲಿ.