ಪಕ್ಕದ ಕೋಣೆಯ ಕೈದಿ

ತುರ್ತುಪರಿಸ್ಥಿತಿಯ ಮಾತು ಬಂದಾಗಲೆಲ್ಲ ಕನ್ನಡದಲ್ಲಿ ಸ್ನೇಹಲತಾ ರೆಡ್ಡಿಯವರ ಹೆಸರು ಬಂದೇ ಬರುತ್ತದೆ. ‘ಸಂಸ್ಕಾರ’ ಚಿತ್ರದ ಚಂದ್ರಿ, ಆಸ್ತಮಾ ರೋಗಿ, ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡ ಹೆಣ್ಣುಮಗಳು. ಇಷ್ಟು ಹೇಳಿ ನಾವು ಮುಂದೆ ಹೋಗುತ್ತೇವೆ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದಿಟ್ಟು, ಸಾವಿನ ನಂತರ 1977ರಲ್ಲಿ ಪ್ರಕಟವಾದ ಕಿರುಹೊತ್ತಗೆ ‘ಎ ಪ್ರಿಸನ್ ಡೈರಿ’ಯನ್ನು ಒಂದು ಕೃತಿಯಾಗಿ ಓದುವ ಗೋಜಿಗೆ ಹೋಗುವುದಿಲ್ಲ. ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅದು ಕೇವಲ ಆಕೆಯ ಕತೆಯಲ್ಲ.

ಆಕೆಯ ಮೇಲಿದ್ದುದು ಸಣ್ಣ ಆರೋಪವಲ್ಲ. 1976ರ ಮೇ 2ರಂದು ಅವರನ್ನು ಬಂಧಿಸಿದ್ದು ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ. ಸರ್ಕಾರದ ಕಣ್ಣಿನಲ್ಲಿ ಅದು ದೇಶದ ವಿರುದ್ಧ ಸಂಚು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಭಯೋತ್ಪಾದನೆ. ಡೈನಮೈಟ್ ಕಟ್ಟುಕತೆಯೇನೂ ಆಗಿರಲಿಲ್ಲ. ರೈಲು ಹಳಿ, ಸೇತುವೆಗಳನ್ನು ಸಿಡಿಸುವ ಯೋಚನೆ ಜಾರ್ಜ್ ಫರ್ನಾಂಡಿಸ್‌ರ ಗುಂಪಿನಲ್ಲಿತ್ತು. ಆದರೆ ಕೊನೆಗೆ ಆರೋಪಪಟ್ಟಿ ಸಲ್ಲಿಕೆಯಾದಾಗ ಅದರಲ್ಲಿ ಸ್ನೇಹಲತಾರ ಹೆಸರಿರಲಿಲ್ಲ. ಆದರೂ ಬಿಡಲಿಲ್ಲ. ‘ಮೀಸಾ’ ಇತ್ತಲ್ಲ! ವಿಚಾರಣೆಯೂ ಬೇಡ, ಆರೋಪವೂ ಬೇಡ. ಕೋರ್ಟಿಗೆ ಹೋಗೋಣವೆಂದರೆ, ಅವರ ಬಂಧನಕ್ಕೆ ನಾಲ್ಕು ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ್ ತೀರ್ಪಿನಲ್ಲಿ ಆ ಬಾಗಿಲನ್ನೂ ಮುಚ್ಚಿತ್ತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

ಇಂಥ ಅನ್ಯಾಯದಲ್ಲಿ ಸಿಕ್ಕಿಬಿದ್ದವರು ತಮ್ಮ ನೋವನ್ನೇ ಬರೆದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಸ್ನೇಹಲತಾ ಹಾಗೆ ಮಾಡಲಿಲ್ಲ. ಉಸಿರು ಕಟ್ಟುತ್ತಿದ್ದ ಆ ಜೈಲಿನಲ್ಲಿ ಅವರ ಕಣ್ಣು ಉಳಿದ ಹೆಂಗಸರ ಮೇಲಿತ್ತು. ಅವರು ರಾಜಕೀಯ ಕೈದಿಗಳಲ್ಲ, ಪತ್ರಿಕೆಯಲ್ಲಿ ಹೆಸರು ಬಂದವರಲ್ಲ. ಬಡತನದಿಂದಲೋ ಸಿಟ್ಟಿನಿಂದಲೋ ತಪ್ಪು ಮಾಡಿ ಬಂದವರು. ಅವರನ್ನು ಹೊಡೆಯುತ್ತಿದ್ದುದನ್ನು, ಎಲ್ಲರೆದುರು ಬೆತ್ತಲೆ ಮಾಡಿ ಶೋಧಿಸುತ್ತಿದ್ದುದನ್ನು ಅವರು ದಾಖಲಿಸಿದರು. ಪ್ರತಿಭಟಿಸಿದರು, ಉಪವಾಸ ಕೂತರು. ಹೊಡೆತ ನಿಂತದ್ದನ್ನು, ಊಟ ಸ್ವಲ್ಪ ಸುಧಾರಿಸಿದ್ದನ್ನು ತಮ್ಮ ಜೈಲುವಾಸದ ಸಾರ್ಥಕತೆಯೆಂದು ಬಗೆದರು. ಸಾಹಿತ್ಯದ ದೃಷ್ಟಿಯಿಂದ ಅಲ್ಲಿ ಅಲಂಕಾರವಿಲ್ಲ, ಶಿಲ್ಪವಿಲ್ಲ. ಆದರೆ ಸೆರೆಮನೆಯ ಬರವಣಿಗೆಯನ್ನು ಅಳೆಯಲು ನನಗೆ ಗೊತ್ತಿರುವ ಮಾನದಂಡ ಒಂದೇ: ಬರೆದವರು ಪಕ್ಕದ ಕೋಣೆಯ ಕೈದಿಯನ್ನು ಕಂಡರೇ?

ಈ ಮಾನದಂಡವನ್ನು ಅದೇ ಜೈಲಿನ ಇನ್ನೊಂದು ಪುಸ್ತಕಕ್ಕೆ ಹಚ್ಚಿ ನೋಡೋಣ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಎಲ್.ಕೆ. ಅಡ್ವಾಣಿಯವರನ್ನು 1975ರ ಜೂನ್ 26ರಂದು ಇಲ್ಲೇ ಬಂಧಿಸಲಾಯಿತು. ವಾಜಪೇಯಿ, ಮಧು ದಂಡವತೆ ಕೂಡ ಜೊತೆಗಿದ್ದರು. ಅಡ್ವಾಣಿಯವರ ‘ಎ ಪ್ರಿಸನರ್ಸ್ ಸ್ಕ್ರ್ಯಾಪ್ ಬುಕ್’ 1978ರಲ್ಲಿ ಹೊರಬಂತು. ಬುದ್ಧಿವಂತಿಕೆಯ ಪುಸ್ತಕ. ಇಂದಿರಾ ಗಾಂಧಿಯವರ ತುರ್ತುಪರಿಸ್ಥಿತಿಯನ್ನು ಹಿಟ್ಲರನ ಜರ್ಮನಿಯೊಂದಿಗೆ ಹೋಲಿಸುವ ವಾದ ಅದರಲ್ಲಿದೆ. ಸಂವಿಧಾನ, ಸಂಸತ್ತು, ಸೆನ್ಸಾರ್ ಎಲ್ಲದರ ಬಗ್ಗೆ ಅಲ್ಲಿ ಚಿಂತನೆಯಿದೆ.

ಅದೇ ಅಡ್ವಾಣಿಯವರು ಗೃಹಮಂತ್ರಿಯಾಗಿ 2002ರ ಮಾರ್ಚ್ 26ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ‘ಪೋಟಾ’ವನ್ನು ಪಾಸು ಮಾಡಿಸಿಕೊಂಡರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷಿಯಾಗುವ ಕಾನೂನು ಅದು. ಆ ಸಂಪುಟದ ರಕ್ಷಣಾ ಮಂತ್ರಿ ಯಾರು? ಡೈನಮೈಟ್ ಪ್ರಕರಣದ ಮೊದಲ ಆರೋಪಿ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅವರ ತಮ್ಮ ಲಾರೆನ್ಸ್‌ರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನ ಪೊಲೀಸರು ಜರ್ಜರಿತರಾಗುವಂತೆ ಹಿಂಸಿಸಿದ್ದರು. ಪೊಲೀಸ್ ಠಾಣೆಯ ಗೋಡೆಗಳ ನಡುವೆ ‘ತಪ್ಪೊಪ್ಪಿಗೆ’ ಹೇಗೆ ಹುಟ್ಟುತ್ತದೆಂದು ಆ ಮನೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಇದು ಒಂದೇ ಪಕ್ಷದ ರೋಗವೂ ಅಲ್ಲ. 1985ರಲ್ಲಿ ‘ಟಾಡಾ’ ತಂದದ್ದು ಕಾಂಗ್ರೆಸ್. 2004ರಲ್ಲಿ ಪೋಟಾ ರದ್ದು ಮಾಡಿ, ಅದರ ಎಷ್ಟೋ ಅಂಶಗಳನ್ನು ಯುಎಪಿಎಯೊಳಗೆ ಸೇರಿಸಿದ್ದೂ, ಮುಂಬೈ ದಾಳಿಯ ನಂತರ 2008ರ ಡಿಸೆಂಬರ್‌ನಲ್ಲಿ ಜಾಮೀನನ್ನು ಮರೀಚಿಕೆಯಾಗಿಸಿದ್ದೂ ಕಾಂಗ್ರೆಸ್ ನೇತೃತ್ವದ ಸರ್ಕಾರವೇ.

ತುರ್ತುಪರಿಸ್ಥಿತಿಗೆ ಆರಂಭ, ಅಂತ್ಯದ ತಾರೀಖುಗಳಿವೆ. ಈ ಕಾನೂನುಗಳಿಗೆ ಅಂತ್ಯದ ತಾರೀಖೂ ಅಂತ್ಯವಲ್ಲ. ಟಾಡಾ 1995ರಲ್ಲಿ ಸತ್ತುಹೋಯಿತು. ಆದರೆ 1994ರ ಜನವರಿಯಲ್ಲಿ ಗುಲ್ಬರ್ಗದಲ್ಲಿ ಬಂಧಿತನಾದ ಒಬ್ಬ ಫಾರ್ಮಸಿ ವಿದ್ಯಾರ್ಥಿ, ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ ಮೇಲೆ ಜೈಲಿನಿಂದ ಹೊರಬಂದದ್ದು 2016ರ ಮೇ ತಿಂಗಳಲ್ಲಿ. ಕಾನೂನು ಸತ್ತರೂ ಕೈದಿ ಒಳಗೇ ಇದ್ದ. ಆತನ ಬಗ್ಗೆ ಕನ್ನಡದಲ್ಲಿ ವರದಿಗಳಿವೆ. ಕಾದಂಬರಿ ಎಲ್ಲಿ? ನಾಟಕ ಎಲ್ಲಿ?

ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ಇಂದು ಫ್ರೀಡಂ ಪಾರ್ಕ್. ಮಕ್ಕಳು ಬ್ಯಾರಕ್ಕುಗಳಲ್ಲಿ ಕಣ್ಣಾಮುಚ್ಚಾಲೆ ಆಡಬಹುದು. ಜೈಲು ಮಾತ್ರ ಎಲ್ಲಿಗೂ ಹೋಗಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾಗಿದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಯುವ ಪತ್ರಕರ್ತನೊಬ್ಬ ಅಲ್ಲಿ ಆರು ತಿಂಗಳು ಕಳೆದ. ಸಾಕ್ಷ್ಯವಿಲ್ಲವೆಂದು 2013ರ ಫೆಬ್ರವರಿಯಲ್ಲಿ ಬಿಟ್ಟರು. ಹಿಡಿದ ದಿನ ‘ಶಂಕಿತ ಉಗ್ರ’, ಮರುದಿನ ಬರೀ ‘ಉಗ್ರ’. ‘ಶಂಕಿತ’ ಎಂಬ ಮೂರಕ್ಷರ ಉದುರಿಹೋಗಲು ನಮ್ಮ ಪತ್ರಿಕೆಗಳಲ್ಲಿ ಒಂದು ರಾತ್ರಿ ಸಾಕು. ಅದನ್ನು ಮತ್ತೆ ಅಂಟಿಸಲು ಕೋರ್ಟಿಗೆ ವರ್ಷಗಳು ಬೇಕು.

ಬಾಂಬುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್ 1ರ ಮಧ್ಯಾಹ್ನ ವೈಟ್‌ಫೀಲ್ಡ್ ಕಡೆಯ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಗಾಯಗೊಂಡವರು ಊಟಕ್ಕೆ ಬಂದವರು, ಬಡಿಸುವವರು. ಅವರ ಗಾಯ ನಿಜ. ಅಪರಾಧಿಗೆ ಶಿಕ್ಷೆಯಾಗಲೇಬೇಕು. ಆದರೆ ಯಾರು ಅಪರಾಧಿ ಎಂಬುದನ್ನು ನ್ಯಾಯಾಲಯ ಹೇಳಬೇಕು. ಟಿವಿಯ ಕೆಂಪು ಅಕ್ಷರಗಳಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಸಮುದಾಯದ ಬರಹಗಾರರೂ ಎದುರಿಸಬೇಕು. ನಮ್ಮ ಹುಡುಗರ ಬಂಧನವಾದಾಗ ನಾವು ಬರೆಯುತ್ತೇವೆ, ಸರಿ. ವೀರಪ್ಪನ್‌ಗೆ ನೆರವಾದರೆಂದು ಟಾಡಾ ಅಡಿ ಮೈಸೂರು ಜೈಲಿಗೆ ಸೇರಿದ ಮಲೆಮಹದೇಶ್ವರ ಬೆಟ್ಟದ ಸೀಮೆಯ ಬಡವರಿಗಾಗಿ ನಾವೆಷ್ಟು ಬರೆದೆವು? ವರ್ಷಗಟ್ಟಲೆ ಕೊಳೆತ ಮೇಲೆ 2001ರಲ್ಲಿ ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅದೇ ಕತೆಯಲ್ಲಿ ನಮ್ಮವರೇ ಆದ ಅಬ್ದುಲ್ ಕರೀಂ ಇದ್ದಾರೆ. 1992ರಲ್ಲಿ ವೀರಪ್ಪನ್ ಕೊಂದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್‌ರ ತಂದೆ. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರ್ಕಾರ ಟಾಡಾ ಮೊಕದ್ದಮೆ ಹಿಂತೆಗೆದುಕೊಳ್ಳಲು ಹೊರಟಿತು. ಈ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ತಡೆದರು. ಮಗನನ್ನು ಕಳೆದುಕೊಂಡ ತಂದೆಯ ಹಠ ಒಂದು ಕಡೆ, ತಪ್ಪಿಲ್ಲದೆ ಒಳಗಿದ್ದ ಕೂಲಿಯವನ ಕಾಯುವಿಕೆ ಇನ್ನೊಂದು ಕಡೆ. ಇಬ್ಬರ ಇನ್ಸಾಫೂ ಒಂದೇ ಪುಟದಲ್ಲಿ ಹಿಡಿಸುವಷ್ಟು ದೊಡ್ಡ ಕತೆಯನ್ನು ನಮ್ಮಲ್ಲಿ ಯಾರು ಬರೆಯುತ್ತಾರೆ?

ಸ್ನೇಹಲತಾ ತಮ್ಮ ಪಕ್ಷದ ಕೈದಿಗಳ ಲೆಕ್ಕ ಮಾತ್ರ ಬರೆದಿದ್ದರೆ ಆ ದಿನಚರಿ 1977ರ ಚುನಾವಣೆಯ ಜೊತೆಗೇ ಹಳತಾಗುತ್ತಿತ್ತು. ಹೆಸರಿಲ್ಲದ ಹೆಂಗಸರ ಬೆನ್ನ ಮೇಲಿನ ಬಾಸುಂಡೆಯನ್ನು ಬರೆದದ್ದಕ್ಕೇ ಅದು ಇಂದಿಗೂ ಉಳಿದಿದೆ. ಅದನ್ನು ಯಾರಾದರೂ ಒಳ್ಳೆಯ ಕನ್ನಡಕ್ಕೆ ತಂದು ಹೊಸ ಹುಡುಗರ ಕೈಗೆ ಕೊಡಬೇಕು.