ಬ್ರೇಕ್ ಹಾಕುವಾಗ ನೋಡಿ: ರೇಸ್ ರಸಿಕರಿಗೊಂದು ಕೈಪಿಡಿ

ಭೀಮನಬೀಡಿನಲ್ಲಿ ಕೂತು ಮೊಬೈಲಿನಲ್ಲಿ ಫಾರ್ಮುಲಾ ಒನ್ ನೋಡಲು ಶುರುಮಾಡಿರುವ ಹುಡುಗ ಹುಡುಗಿಯರಿಗೆ ಮೊದಲ ಮಾತು: ಯಾರು ಮುಂದೆ, ಯಾರು ಹಿಂದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತು, ಕಾರು ಬ್ರೇಕ್ ಹಾಕುವ ಜಾಗ ನೋಡಿ.

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ದಿಂಬಂ ಘಾಟಿ ಇಳಿದವರಿಗೆ ಗೊತ್ತು, 27 ತಿರುವು ಮುಗಿಯುವಷ್ಟರಲ್ಲಿ ಲಾರಿಗಳ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಹಿಡಿದು ಬ್ಯಾಟರಿಗೆ ತುಂಬಿ, ಮುಂದಿನ ನೇರ ದಾರಿಯಲ್ಲಿ ಚಕ್ರಕ್ಕೇ ವಾಪಸು ಕೊಡುವ ವ್ಯವಸ್ಥೆಗೆ ರೇಸಿನವರು ‘ಕರ್ಸ್’ ಅನ್ನುತ್ತಿದ್ದರು. ಫಾರ್ಮುಲಾ ಒನ್‌ಗೆ ಅದು ಬಂದದ್ದು 2009ರಲ್ಲಿ. ಒಂದು ಸುತ್ತಿಗೆ ಸಿಗುತ್ತಿದ್ದದ್ದು 400 ಕಿಲೋಜೂಲ್. ಗುಂಡಿ ಒತ್ತಿದರೆ ಸುಮಾರು 80 ಅಶ್ವಶಕ್ತಿ, ಆರೂವರೆ ಸೆಕೆಂಡಿನ ಮಟ್ಟಿಗೆ. ಬೆಂಗಳೂರಿನ ರೇವಾ ಕಾರು ಇದಕ್ಕೂ ಎಷ್ಟೋ ವರ್ಷ ಮೊದಲೇ, 2001ರಲ್ಲೇ, ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು ನಮ್ಮ ರಸ್ತೆಗಿಳಿದಿತ್ತು.

ಕರ್ಸ್‌ನ ರುಚಿ ಹತ್ತಬೇಕಾದರೆ 2009ರ ಆಗಸ್ಟ್ 30ರ ಬೆಲ್ಜಿಯಂ ರೇಸನ್ನು ಹುಡುಕಿ ನೋಡಿ. ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ ಅವತ್ತು ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿದ್ದರು. ಅಪಘಾತವಾಗಿ ಸೇಫ್ಟಿ ಕಾರು ಬಂತು, ಹೋಯಿತು. ರೇಸ್ ಮತ್ತೆ ಶುರುವಾದಾಗ ಫೆರಾರಿಯ ರೈಕೊನೆನ್ ಫಿಸಿಕೆಲ್ಲಾರ ಬೆನ್ನಿಗೇ ಅಂಟಿಕೊಂಡು ಓ ರೂಜ್ ಏರು ಹತ್ತಿದರು. ಮೇಲಿನ ಉದ್ದನೆಯ ನೇರ ದಾರಿಯಲ್ಲಿ ಕರ್ಸ್ ಬಲದಿಂದ ದಾಟಿಯೇಬಿಟ್ಟರು. ಫೋರ್ಸ್ ಇಂಡಿಯಾ ಕಾರಿನಲ್ಲಿ ಕರ್ಸ್ ಇರಲಿಲ್ಲ. ಆಮೇಲೆ ಫಿಸಿಕೆಲ್ಲಾ ರೇಸಿನುದ್ದಕ್ಕೂ ಬೆನ್ನಟ್ಟಿದರೂ ಮತ್ತೆ ದಾಟಲಾಗಲಿಲ್ಲ. ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಸೆಕೆಂಡೂ ಇರಲಿಲ್ಲ.

ಅದೇ ವರ್ಷ ಚಾಂಪಿಯನ್ ಆದ ಬ್ರಾನ್ ತಂಡವೂ ಕರ್ಸ್ ಮುಟ್ಟಲಿಲ್ಲ. ಖರ್ಚು ಹೆಚ್ಚು, ಭಾರ ಹೆಚ್ಚು ಎಂದು 2010ಕ್ಕೆ ತಂಡಗಳೆಲ್ಲ ಮಾತಾಡಿಕೊಂಡು ಅದನ್ನು ಕೈಬಿಟ್ಟವು. ದೂರಿನಲ್ಲಿ ಸುಳ್ಳಿರಲಿಲ್ಲ. ಆದರೂ ಕೈಬಿಟ್ಟದ್ದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಶಕ್ತಿಯನ್ನು ಎಲ್ಲಿ ಕೂಡಿಡಬೇಕು, ಎಲ್ಲಿ ಖರ್ಚು ಮಾಡಬೇಕು ಎಂಬ ಲೆಕ್ಕಾಚಾರ ಚಾಲಕನ ಬುದ್ಧಿಗೆ ಹೊಸ ಕೆಲಸ ಕೊಟ್ಟಿತ್ತು. ಭಾರ ಹೆಚ್ಚಾದರೆ ನಿಯಮ ತಿದ್ದಬೇಕು, ತಂತ್ರವನ್ನೇ ಎಸೆಯಬಾರದು. 2011ರಲ್ಲಿ ಅದು ವಾಪಸು ಬಂತು. 2014ರಲ್ಲಿ ಶಕ್ತಿ ಹಿಡಿದು ವಾಪಸು ಕೊಡುವ ಮೋಟಾರಿನ ಬಲ ಎರಡು ಪಟ್ಟಾಗಿ 120 ಕಿಲೋವ್ಯಾಟ್ ಆಯಿತು, 2026ರ ನಿಯಮದಲ್ಲಿ 350. ನನ್ನದು ಒಂದೇ ಷರತ್ತು: ಶಕ್ತಿಯನ್ನು ಯಾವಾಗ ಬಿಡಬೇಕು ಎಂಬ ತೀರ್ಮಾನ ಕಂಪ್ಯೂಟರಿಗೆ ಹೋಗದೆ ಚಾಲಕನ ಬೆರಳಿನಲ್ಲೇ ಉಳಿಯಬೇಕು.

ಮುಂದಿನ ರೇಸ್ ನೋಡುವಾಗ ಕಾರಿನ ಹಿಂದಿನ ಕೆಂಪು ದೀಪ ಗಮನಿಸಿ. ನೇರ ದಾರಿ ಮುಗಿಯುವ ಮೊದಲೇ, ಬ್ರೇಕ್ ಹಾಕದೆಯೇ ಅದು ಮಿನುಗಿದರೆ ಆ ಕಾರು ಶಕ್ತಿ ಕೊಡುವುದನ್ನು ನಿಲ್ಲಿಸಿ ಕೂಡಿಡಲು ಶುರುಮಾಡಿದೆ ಎಂದರ್ಥ. ಹಿಂದಿನ ಚಾಲಕನಿಗೂ ಅದು ಕಾಣುತ್ತದೆ. ಅವನ ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ನುಗ್ಗುವುದು ಆಗಲೇ.