ಈಜಿಪ್ಟಿನ ದೇವತೆಗಳೂ ನಾಮಸಾಮ್ಯದ ಭ್ರಾಂತಿಯೂ

ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸಿನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿಯ ‘ಮಮ್ಮಿ’ಯನ್ನು ನೋಡದೆ ಹಿಂದಿರುಗುವುದು ಅಪರೂಪ. ಆರನೆಯ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ ಅವರು ಇದನ್ನು ಸುಮಾರು 1920ರಲ್ಲಿ ಕೊಂಡು ತಂದರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕೈಸೇರಿ, 1930ರಲ್ಲಿ ಇದು ಸಂಗ್ರಹಾಲಯದ ಸ್ವತ್ತಾಯಿತು. ಟಾಲೆಮಿ ವಂಶದ ಅರಸರ ಕಾಲದ, ಎಂದರೆ ಕ್ರಿ. ಪೂ. 300ರಿಂದ 100ರ ನಡುವಿನ, ಒಬ್ಬ ಹೆಣ್ಣುಮಗಳ ದೇಹವಿದೆಂದು ಗ್ರಹಿಸಲಾಗಿದೆ. ಈ ದೇಹವನ್ನು ಯಾವ ದೇವತೆಗಳ ರಕ್ಷಣೆಗೆ ಒಪ್ಪಿಸಿದ್ದರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಒಸೈರಿಸ್, ಐಸಿಸ್ ಎಂಬ ಉತ್ತರ ದೊರೆತೊಡನೆ, ‘ಹಾಗಾದರೆ ಇವರು ನಮ್ಮ ಈಶ್ವರ, ಈಶಿಯರೇ’ ಎನ್ನುವ ಅವಸರವೂ ಅದರ ಬೆನ್ನಿಗೇ ಬರುತ್ತದೆ. ಆ ಅವಸರದ ನಿರ್ಣಯ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ವಿಚಾರಾರ್ಹವಾಗಿದೆ.

ಈ ಸಮೀಕರಣ ಇಂದು ನಿನ್ನೆಯದಲ್ಲ. ಸರ್ ವಿಲಿಯಂ ಜೋನ್ಸ್ 1784ರಲ್ಲಿ ಬರೆದ ಪ್ರಬಂಧದಲ್ಲಿಯೇ ಅದು ಇದೆ. 1792ರಲ್ಲಿ ಫ್ರಾನ್ಸಿಸ್ ವಿಲ್ಫರ್ಡ್ ಇನ್ನೂ ಮುಂದೆ ಹೋಗಿ, ನೈಲ್ ನದಿಯ ವೃತ್ತಾಂತವೆಲ್ಲ ನಮ್ಮ ಪುರಾಣಗಳಲ್ಲಿ ಅಡಗಿದೆಯೆಂದು ಪ್ರತಿಪಾದಿಸಿದನು. ಆತನು ಏನನ್ನು ಹುಡುಕುತ್ತಿದ್ದನೋ ಅದನ್ನೇ ಆತನ ಪಂಡಿತನು ಹಸ್ತಪ್ರತಿಗಳಲ್ಲಿ ತಿದ್ದಿ ಸೇರಿಸಿಕೊಟ್ಟಿದ್ದನು. ಈ ವಂಚನೆಯನ್ನು 1805ರಲ್ಲಿ ವಿಲ್ಫರ್ಡನೇ ಪ್ರಕಟವಾಗಿ ಒಪ್ಪಿಕೊಂಡನು. ತಪ್ಪನ್ನು ಕೇವಲ ಪಂಡಿತನ ಮೇಲೆ ಹೊರಿಸುವುದು ನ್ಯಾಯವಲ್ಲ. ಬೇಕಾದ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಆಧಾರವನ್ನು ಆಮೇಲೆ ಅರಸುವವನಿಗೆ ಆಧಾರಗಳು ಹೇಗೋ ಒದಗಿ ಬರುತ್ತವೆ.

ಇವರಿಬ್ಬರೂ ಬರೆಯುತ್ತಿದ್ದಾಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಷಾಂಪೋಲಿಯನ್ ಅದರ ರಹಸ್ಯವನ್ನು ಬಿಡಿಸಿದುದು 1822ರಲ್ಲಿ. ಒಸೈರಿಸ್, ಐಸಿಸ್ ಎಂಬವು ಗ್ರೀಕರ ನಾಲಗೆಯಲ್ಲಿ ಮಾರ್ಪಟ್ಟ ರೂಪಗಳೆಂಬುದು ಅನಂತರ ಸ್ಪಷ್ಟವಾಯಿತು. ಮೂಲದಲ್ಲಿ ಅವು ಸುಮಾರಾಗಿ ‘ಉಸಿರ್’, ‘ಅಸೆತ್’ ಎಂದಿದ್ದುವು; ಕೊನೆಯ ‘ಇಸ್’ ಗ್ರೀಕ್ ಪ್ರತ್ಯಯ. ದೇವಿಯ ಹೆಸರನ್ನು ಬರೆಯುವ ಚಿಹ್ನೆಯಾದರೋ ಒಂದು ಸಿಂಹಾಸನದ ಚಿತ್ರ. ಆಕೆಯ ಶಿರೋಭೂಷಣವೂ ಅದೇ. ‘ಈಶ’ ಧಾತುವಿಗೆ ಇಲ್ಲಿ ಎಡೆಯೆಲ್ಲಿಯದು? ಹಾಗೆಂದು ಹೆಸರಿಗೆ ಬೆಲೆಯಿಲ್ಲವೆಂದಲ್ಲ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ತುತಂಖಾಮನ್ ಅರಸನ ಸಿಂಹಾಸನದ ಪ್ರತಿಕೃತಿಯಿದೆ. ಅದರ ಮೂಲದ ಮೇಲೆ ಅರಸನ ಹೆಸರು ‘ಅತೆನ್’ ದೇವನನ್ನು ಸೇರಿಸಿಯೂ ‘ಆಮೆನ್’ ದೇವನನ್ನು ಸೇರಿಸಿಯೂ ಕಾಣುತ್ತದೆ. ಒಂದು ಮಹಾ ಧರ್ಮವಿಪ್ಲವದ ಗುರುತು ಆ ಎರಡು ಹೆಸರುಗಳಲ್ಲಿ ಉಳಿದಿದೆ. ಹೆಸರು ಸಾಕ್ಷ್ಯವಾಗಬಲ್ಲದು, ಅದನ್ನು ಅದರ ಭಾಷೆಯಲ್ಲಿ ಓದಿದಾಗ ಮಾತ್ರ.

ಹೆಸರನ್ನು ಬಿಟ್ಟು ಕಥೆ ಮತ್ತು ಕರ್ಮಗಳನ್ನು ನೋಡಿದರೆ ಏನು ತಿಳಿಯುತ್ತದೆ? ತಮ್ಮನಾದ ಸೆತ್‌ನು ಒಸೈರಿಸನನ್ನು ಕೊಂದು ದೇಹವನ್ನು ತುಂಡರಿಸಿ ಚೆಲ್ಲುತ್ತಾನೆ. ಪತ್ನಿ ಐಸಿಸ್ ಆ ತುಂಡುಗಳನ್ನು ಹುಡುಕಿ ಕೂಡಿಸುತ್ತಾಳೆ. ಒಸೈರಿಸನು ಮೃತಲೋಕದ ಒಡೆಯನಾಗುತ್ತಾನೆ. ಸತ್ತವನ ಹೃದಯವನ್ನು ಅಲ್ಲಿ ಮಾತ್ ದೇವಿಯ ಗರಿಯೊಡನೆ ತೂಗುತ್ತಾರೆ. ಥೋತ್ ದೇವನು ಫಲವನ್ನು ಬರೆದುಕೊಳ್ಳುತ್ತಾನೆ. ಯಮನ ಸಭೆಯೂ ಚಿತ್ರಗುಪ್ತನೂ ಇಲ್ಲಿ ನೆನಪಾಗುವುದು ಸಹಜ. ಈ ಹೋಲಿಕೆ ನಾಮಸಾಮ್ಯಕ್ಕಿಂತ ಗಟ್ಟಿಯಾದುದೂ ಹೌದು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಯಮಪಟ್ಟಣದ ಲೆಕ್ಕ ಮುಂದಿನ ಜನ್ಮಕ್ಕೆ ದಾರಿ. ದೇಹವನ್ನು ಅಗ್ನಿಗೆ ಕೊಟ್ಟಾಗಿದೆ. ಈಜಿಪ್ಟಿನಲ್ಲಿಯಾದರೋ ದೇಹ ಉಳಿಯದೆ ಪರಲೋಕದ ಬಾಳು ಸಲ್ಲದು. ಆದಕಾರಣವೇ ಯಕೃತ್ತು, ಶ್ವಾಸಕೋಶ, ಜಠರ, ಕರುಳುಗಳನ್ನು ಬೇರೆಬೇರೆಯಾಗಿ ಹೋರಸನ ನಾಲ್ವರು ಪುತ್ರರ ಕಾವಲಿನಲ್ಲಿ ಇರಿಸುವ ಪದ್ಧತಿ ಬೆಳೆಯಿತು. ಪಬ್ಲಿಕ್ ಗಾರ್ಡನ್ಸಿನ ದೇಹವು ಎರಡು ಸಾವಿರ ವರ್ಷಗಳನ್ನು ದಾಟಿ ಬಂದುದೇ ಈ ಭೇದಕ್ಕೆ ಸಾಕ್ಷಿ.

ದೇವರುಗಳನ್ನು ಸಮೀಕರಿಸುವ ಚಪಲ ಪ್ರಾಚೀನರಲ್ಲಿಯೂ ಇತ್ತು. ಕ್ರಿ. ಪೂ. ಐದನೆಯ ಶತಮಾನದಲ್ಲಿಯೇ ಹೆರೊಡೊಟಸನು ಒಸೈರಿಸನನ್ನು ಡಯೊನೀಸಸನೆಂದೂ ಐಸಿಸಳನ್ನು ಡಿಮೀಟರಳೆಂದೂ ಕರೆದನು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1915ರಲ್ಲಿ ಪ್ರಕಟವಾದ ಒಂದು ಗ್ರೀಕ್ ಸ್ತೋತ್ರವು, ಐಸಿಸಳಿಗೆ ಊರೂರುಗಳಲ್ಲಿ ಇರುವ ನಾಮಗಳನ್ನು ಎಣಿಸುತ್ತ, ಭಾರತೀಯರಲ್ಲಿ ಆಕೆ ‘ಮೈಯಾ’ ಎನ್ನುತ್ತದೆ. ಇದು ನಮ್ಮ ಮಾಯೆಯೆಂದು ಹಿಗ್ಗುವ ಮುನ್ನ, ಗ್ರೀಕರಲ್ಲಿಯೇ ಮೈಯಾ ಎಂಬ ದೇವಿಯೊಬ್ಬಳಿದ್ದಳೆಂಬುದನ್ನು ಮರೆಯಲಾಗದು. ಭಾರತದ ಹೆಸರು ನೈಲ್ ದಡದಲ್ಲಿ ಕೇಳಿಬರುತ್ತಿತ್ತೆಂಬುದಕ್ಕೆ ಸ್ತೋತ್ರ ಆಧಾರ; ದೇವಿಯರಿಬ್ಬರೂ ಒಬ್ಬಳೇ ಎಂಬುದಕ್ಕಲ್ಲ.

ಅದೇ ಊರಿನ ಮತ್ತೊಂದು ಪ್ಯಾಪಿರಸ್ ಕನ್ನಡಿಗರಿಗೆ ಚಿರಪರಿಚಿತ. ಭಾರತದ ಕಡಲ ತೀರದಲ್ಲಿ ಸಿಕ್ಕಿಕೊಂಡ ಗ್ರೀಕ್ ಯುವತಿ ಚಾರಿಟಿಯಾನಳ ಪ್ರಹಸನವದು. ಅದರಲ್ಲಿಯ ಅನ್ಯಭಾಷೆಯ ನುಡಿಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಿಚಾರವನ್ನು ಬೆಳೆಸಿದರು. ನಿರ್ಣಯವು ವಿವಾದಾತೀತವಲ್ಲ. ವಿಲ್ಫರ್ಡನಿಗೆ ಹಿಡಿದ ಅಳತೆಗೋಲನ್ನು ಇಲ್ಲಿಯೂ ಹಿಡಿಯಬೇಕು. ಅಭಿಮಾನಕ್ಕೆ ಪ್ರಿಯವಾಯಿತೆಂದು ಆಧಾರದ ತೂಕ ಹೆಚ್ಚುವುದಿಲ್ಲ.

ಹಾಗಾದರೆ ಸಮೀಕರಣ ಎಂದೂ ಸಾಧುವಲ್ಲವೆ? ಸವದತ್ತಿಯಿಂದ ದೂರ ಬಂದು ಹೈದರಾಬಾದಿನಲ್ಲಿ ನೆಲಸಿದ ಕನ್ನಡಿಗನು ಬಲ್ಕಂಪೇಟೆಯ ಎಲ್ಲಮ್ಮನ ಗುಡಿಯಲ್ಲಿ ಕೈಮುಗಿಯುತ್ತಾನೆ. ಅಲ್ಲಿ ಭಾರತ ಹುಣ್ಣಿಮೆಯ ಜಾತ್ರೆ, ಇಲ್ಲಿ ಆಷಾಢದ ಬೋನಾಲು, ಆಚರಣೆ ಬೇರೆ. ಆದರೆ ಹೆಸರು ಒಂದು, ರೇಣುಕೆಯ ಕಥೆ ಒಂದು, ನಡುವಣ ನಾಡಿನ ಉದ್ದಕ್ಕೂ ಆಕೆಯ ಗುಡಿಗಳ ಸಾಲು ಹಬ್ಬಿದೆ. ಇಲ್ಲಿ ‘ನಮ್ಮ ಎಲ್ಲಮ್ಮನೇ’ ಎನ್ನುವುದು ಭ್ರಾಂತಿಯಲ್ಲ. ಹೆಸರು, ಕಥೆ, ದಾರಿ ಮೂರೂ ಕೂಡಿದಲ್ಲಿ ದೇವರು ಒಂದೆನ್ನಬಹುದು. ಒಸೈರಿಸನ ವಿಷಯದಲ್ಲಿ ಮೂರರಲ್ಲಿ ಒಂದೂ ಕೂಡುವುದಿಲ್ಲ. ಆತನನ್ನು ಈಶ್ವರನೆಂದರೆ ನಮ್ಮ ಈಶ್ವರನ ಮಹಿಮೆ ಹೆಚ್ಚುವುದಿಲ್ಲ; ನೈಲ್ ದಡದ ಜನ ಸಾವಿನ ಎದುರಿನಲ್ಲಿ ಕಟ್ಟಿಕೊಂಡ ಸ್ವತಂತ್ರವಾದ ಒಂದು ದರ್ಶನವಷ್ಟೇ ನಮ್ಮ ಕಣ್ಣಿಗೆ ಮರೆಯಾಗುತ್ತದೆ.